ಜಾವಾದ ಬೆಳ್ಳಿ ನಾಣ್ಯದ ಮೇಲೆ ಇರುವುದು ಶ್ರೀಗಂಧದ ಹೂವಾ?

ಪ್ರಶ್ನೆ: ಜಾವಾ ದ್ವೀಪದ ಹಳೆಯ ನಾಣ್ಯಗಳ ಫೋಟೊ ನೋಡಿದೆ. ಕೆಲವು ಜೋಳದ ಕಾಳಿನ ಹಾಗಿವೆ, ಕೆಲವುದರ ಮೇಲೆ ಹೂವಿದೆ. ರಾಜನ ಮುಖವೇ ಇಲ್ಲ. ಇವು ನಿಜವಾಗ್ಲೂ ದುಡ್ಡಾ?

ಉತ್ತರ: ದುಡ್ಡೇ. ಆದರೆ ಅಲ್ಲಿ ಮುಖಕ್ಕಿಂತ ತೂಕಕ್ಕೆ ಬೆಲೆ.

8ನೇ ಶತಮಾನದ ಕೊನೆಯ ಹೊತ್ತಿಗೆ ಜಾವಾದಲ್ಲಿ ಈ ನಾಣ್ಯಗಳು ಶುರುವಾದವು. ಮುಖ್ಯ ನಾಣ್ಯದ ಹೆಸರು ಮಾಸ, ತೂಕ ಸುಮಾರು 2.4 ಗ್ರಾಂ. ಸಂಸ್ಕೃತದ 'ಮಾಷ', ಅಂದರೆ ನಮ್ಮ ಉದ್ದಿನಕಾಳು, ಇದರ ಮೂಲ. ಯಾವ ಉದ್ದಿನಕಾಳೂ ಅಷ್ಟು ತೂಗಲ್ಲ ಬಿಡಿ, ಹೆಸರು ಮಾತ್ರ ಉಳಿದಿತ್ತು. ಕುಪಾಂಗ್ ಇದಕ್ಕಿಂತ ಚಿಕ್ಕ ತೂಕ, ಸುವರ್ಣ ದೊಡ್ಡದು: 4 ಕುಪಾಂಗ್ ಸೇರಿದರೆ 1 ಮಾಸ, 16 ಮಾಸ ಸೇರಿದರೆ 1 ಸುವರ್ಣ.

ಬೆಳ್ಳಿ ಮಾಸವನ್ನು ಹತ್ತಿರದಿಂದ ನೋಡಿ. ಒಂದು ಕಡೆ ನಾಗರಿ ಲಿಪಿಯಲ್ಲಿ 'ಮ' ಅಕ್ಷರ. ಮಾಸ ಅನ್ನೋದಕ್ಕೆ ಅಷ್ಟೇ ಸಾಕು. ಇನ್ನೊಂದು ಕಡೆ ಚೌಕಾಕಾರದ ಗುಳಿ, ಅದರೊಳಗೆ ನಾಲ್ಕು ಎಸಳಿನ ಹೂವು. ಸಂಗ್ರಹಕಾರರು ಇದನ್ನು ಶ್ರೀಗಂಧದ ಹೂವು ಎಂದೇ ಕರೆಯುತ್ತಾರೆ. ನಮ್ಮಲ್ಲಿ ಗಂಧದ ಮರ ಅಂದರೆ ಎಲ್ಲರಿಗೂ ಕೊರಡು ನೆನಪಾಗುತ್ತದೆ, ಹೂವನ್ನು ಗಮನಿಸಿದವರು ಕಡಿಮೆ. ಪುಟ್ಟದು, ಅದಕ್ಕೂ ಸಾಮಾನ್ಯವಾಗಿ ನಾಲ್ಕೇ ಎಸಳು. ಟಿಮೋರ್ ದ್ವೀಪದ ಕಡೆಯ ಗಂಧ ಆಗ ದೂರದ ಬಂದರುಗಳಿಗೆ ಹೋಗುತ್ತಿತ್ತು. ಹಾಗಾಗಿ ಬೆಲೆಬಾಳುವ ಸರಕಿನ ಹೂವನ್ನೇ ದುಡ್ಡಿನ ಮೇಲೆ ಒತ್ತಿದರು ಅನ್ನೋದು ನನಗೆ ಒಪ್ಪಿಗೆಯಾಗುವ ಊಹೆ. ಊಹೆ ಅಷ್ಟೇ, ಹಾಗಂತ ಯಾವ ನಾಣ್ಯದ ಮೇಲೂ ಬರೆದಿಲ್ಲ.

ಚಿನ್ನದ್ದು ಬೇರೆ ಥರ. ಚಪ್ಪಟೆ ಬಿಲ್ಲೆಯಲ್ಲ, ದಪ್ಪನೆಯ ಗಟ್ಟಿ. ಮೇಲೆ 'ತ' ಅಕ್ಷರ. 1990ರಲ್ಲಿ ಪ್ರಂಬಾನನ್ ದೇವಾಲಯದ ಹತ್ತಿರದ ವೊನೊಬೊಯೊ ಹಳ್ಳಿಯಲ್ಲಿ ಮಣ್ಣು ಅಗೆಯುವಾಗ ದೊಡ್ಡ ನಿಧಿ ಸಿಕ್ಕಿತು. ರಾಮಾಯಣದ ದೃಶ್ಯಗಳಿರುವ ಚಿನ್ನದ ಬಟ್ಟಲಿನ ಜೊತೆ ಇಂಥ ನಾಣ್ಯಗಳೂ ಸಾವಿರಗಟ್ಟಲೆ ಇದ್ದವು. ನೀವು ನೋಡಿದ 'ಜೋಳದ ಕಾಳು' ಇವೇ ಇರಬಹುದು.

ಕಾಲ ಕಳೆದಂತೆ ಬೆಳ್ಳಿ ನಾಣ್ಯ ಅಗಲವಾಯಿತು, ತೆಳುವಾಯಿತು, ಬಟ್ಟಲಿನ ಹಾಗೆ ಬಾಗಿತು. ಹೂವು ಮಾತ್ರ ಹೋಗಲಿಲ್ಲ. ಆದರೆ ಸಂತೆಯಲ್ಲಿ ಸಣ್ಣಪುಟ್ಟ ಸಾಮಾನು ಕೊಳ್ಳಲು ಬೆಳ್ಳಿಯೂ ಜಾಸ್ತಿಯೇ ಅಲ್ವಾ? 1300ರ ಆಸುಪಾಸಿಗೆ ನಡುವೆ ಚೌಕದ ತೂತಿರುವ ಚೀನಾದ ತಾಮ್ರದ ಕಾಸು ಅಲ್ಲಿ ನೆಲೆಯೂರಿತು. ಅದನ್ನು ತೂಗಬೇಕಿರಲಿಲ್ಲ, ದಾರಕ್ಕೆ ಪೋಣಿಸಿ ಎಣಿಸಿದರೆ ಆಯಿತು.