ಪೇಪರ್ ಜೊತೆ ಅದರ ತಕರಾರನ್ನೂ ಓದಿ

ನಮ್ಮ ಜೀವಶಾಸ್ತ್ರ ಎಂ.ಎಸ್ಸಿ. ಮಕ್ಕಳಿಗೆ ನಾನು ಮೊದಲ ವಾರವೇ ಒಂದು ಕೆಲಸ ಹಚ್ಚುತ್ತೇನೆ. ‘ಇ-ಲೈಫ್’ ಜರ್ನಲ್‌ನಿಂದ ಒಂದು ಸಂಶೋಧನಾ ಪೇಪರ್ ಆರಿಸಿಕೊಳ್ಳಿ. ಪೇಪರ್ ಆಮೇಲೆ, ಅದರ ಬಗ್ಗೆ ರಿವ್ಯೂವರ್‌ಗಳು, ಅಂದರೆ ಅದನ್ನು ಪರೀಕ್ಷಿಸಿದ ಅದೇ ಕ್ಷೇತ್ರದ ಬೇರೆ ವಿಜ್ಞಾನಿಗಳು, ಬರೆದದ್ದನ್ನು ಮೊದಲು ಓದಿ.

ಹಿಂದೆ ಇದು ಆಗುತ್ತಿರಲಿಲ್ಲ. ಪೇಪರ್ ಓದಲು ಚಂದಾ ಕಟ್ಟಬೇಕಿತ್ತು. 2003ರಲ್ಲಿ ಶುರುವಾದ ‘ಪ್ಲಾಸ್ ಬಯಾಲಜಿ’ಯಂಥ ಮುಕ್ತ ಜರ್ನಲ್‌ಗಳು ಓದುಗರಿಗೆ ಬಾಗಿಲು ತೆರೆದವು. ಆದರೆ ಖರ್ಚು ಬರೆಯುವವರ ತಲೆಗೆ ಬಂತು. ಸಾವಿರಾರು ಡಾಲರ್ ಕೇಳುವ ಜರ್ನಲ್‌ಗಳಿವೆ. ಸಣ್ಣ ಲ್ಯಾಬ್‌ಗೆ ಅದು ದೊಡ್ಡ ಹೊರೆ, ಅಲ್ವಾ? 2013ರಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯ ‘ಬಯೋಆರ್ಕೈವ್’ ಎಂಬ ಜಾಲತಾಣ ಆರಂಭಿಸಿತು. ಅಲ್ಲಿ ರಿವ್ಯೂಗೆ ಮುಂಚಿನ ಪೇಪರನ್ನು, ಅಂದರೆ ಪ್ರಿಪ್ರಿಂಟನ್ನು, ಹಾಕುವುದೂ ಓದುವುದೂ ಉಚಿತ.

ಪರೀಕ್ಷೆಯಾಗದ್ದನ್ನು ಹೀಗೆ ಹೊರಗೆ ಬಿಡಬಹುದೇ ಎಂದು ಜನ ಕೇಳುತ್ತಾರೆ. 2020ರ ಜನವರಿ 31ರಂದು ದೆಹಲಿಯ ಒಂದು ತಂಡ ಬಯೋಆರ್ಕೈವ್‌ನಲ್ಲಿ ಪ್ರಿಪ್ರಿಂಟ್ ಹಾಕಿತು. ಹೊಸ ಕೊರೊನಾ ವೈರಸ್‌ನಲ್ಲಿ ಎಚ್‌ಐವಿಯನ್ನು ಹೋಲುವ ತುಣುಕುಗಳಿವೆ ಎಂಬುದು ಅದರ ವಾದ. ಅಷ್ಟು ಚಿಕ್ಕ ತುಣುಕುಗಳು ಬೇರೆ ಎಷ್ಟೋ ಜೀವಿಗಳಲ್ಲೂ ಸಿಗುತ್ತವೆ ಎಂದು ವಿಜ್ಞಾನಿಗಳು ಬಹಿರಂಗವಾಗಿಯೇ ತೋರಿಸಿಕೊಟ್ಟರು. ಫೆಬ್ರವರಿ 2ಕ್ಕೆ ಲೇಖಕರು ಅದನ್ನು ಹಿಂತೆಗೆದುಕೊಂಡರು. ಅಷ್ಟರಲ್ಲಿ ಸುದ್ದಿ ಹಬ್ಬಿತ್ತು, ಆ ನಷ್ಟ ನಿಜ. ಆದರೂ ಎರಡೇ ದಿನದಲ್ಲಿ ತಪ್ಪು ತಿದ್ದಿದ್ದು, ಅದೂ ಎಲ್ಲರ ಕಣ್ಣೆದುರು, ನನಗೆ ಜಾಸ್ತಿ ಮುಖ್ಯ.

ಇ-ಲೈಫ್ 2023ರಲ್ಲಿ ಇನ್ನೂ ಮುಂದೆ ಹೋಯಿತು. ರಿವ್ಯೂಗೆ ತೆಗೆದುಕೊಂಡ ಪೇಪರನ್ನು ಆಮೇಲೆ ತಿರಸ್ಕರಿಸುವುದಿಲ್ಲ. ಪ್ರಿಪ್ರಿಂಟ್, ರಿವ್ಯೂಗಳು, ಸಂಪಾದಕರ ಚಿಕ್ಕ ಮೌಲ್ಯಮಾಪನ ಎಲ್ಲ ಒಟ್ಟಿಗೆ ಹೊರಬರುತ್ತವೆ. ‘ಕೆಲಸ ಮಹತ್ವದ್ದು, ಪುರಾವೆ ಅಪೂರ್ಣ’ ಎಂದು ನೇರವಾಗಿ ಬರೆದಿರುತ್ತಾರೆ. ನನ್ನ ವಿದ್ಯಾರ್ಥಿನಿಯೊಬ್ಬಳು ಓದಿ ಬಂದು, “ಮೇಡಂ, ಕಂಟ್ರೋಲ್ (ಹೋಲಿಕೆಗೆ ಮಾಡುವ ಪ್ರಯೋಗ) ಸಾಲದು ಅಂತ ನನಗೂ ಅನ್ನಿಸಿತ್ತು, ಹೇಳೋಕೆ ಹೆದರಿದ್ದೆ” ಎಂದಳು. ಸುಮ್ನೆ ಪಿಡಿಎಫ್ ಕೊಟ್ಟಿದ್ದರೆ ಈ ಧೈರ್ಯ ಬರುತ್ತಿರಲಿಲ್ಲ.

ಇದಕ್ಕೆ ಇ-ಲೈಫ್ ಬೆಲೆ ತೆತ್ತಿದೆ. 2025ರಲ್ಲಿ ಅದಕ್ಕೆ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಜರ್ನಲ್‌ನ ಪೇಪರ್‌ಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸುತ್ತಾರೆ ಎಂದು ಅಳೆಯುವ ಸಂಖ್ಯೆ, ಸಿಗಲಿಲ್ಲ. ಕೆಲಸ ಹುಡುಕುವ ಯುವ ಸಂಶೋಧಕರು ಆ ಸಂಖ್ಯೆಗೆ ಹೆದರುತ್ತಾರೆ, ಅದು ಅವರ ತಪ್ಪಲ್ಲ. ಆಯ್ಕೆ ಸಮಿತಿಯಲ್ಲಿ ಕೂತವರು ನಾವು. ಈಗ ನಾನು ಅಭ್ಯರ್ಥಿಗಳಿಂದ ಒಂದು ಪೇಪರ್ ಮತ್ತು ಅದರ ರಿವ್ಯೂಗಳನ್ನು ತರಿಸಿಕೊಂಡು, ಸಂದರ್ಶನದ ಹಿಂದಿನ ರಾತ್ರಿ ಕೂತು ಎರಡನ್ನೂ ಓದುತ್ತೇನೆ.