ಡ್ರಾಕುಲಾನ ಕೋಟಿನಿಂದ ಉದುರಿದ ದುಡ್ಡು

ಲಂಡನ್ನಿನ ಪಿಕಡಿಲಿಯಲ್ಲಿ ಒಂದು ಮನೆ. ಹಾಡಹಗಲು. ಒಳಗೆ ಐದು ಜನ ಗಂಡಸರು ಉಸಿರು ಬಿಗಿಹಿಡಿದು ಕಾಯುತ್ತಿದ್ದಾರೆ. ಡ್ರಾಕುಲಾ ಒಳಗೆ ಬಂದದ್ದೇ ತಡ, ಜೊನಾಥನ್ ಹಾರ್ಕರ್ ಕುಕ್ರಿ ಬೀಸುತ್ತಾನೆ. (ಹೌದು, ಗೂರ್ಖಾಗಳ ಕುಕ್ರಿಯೇ. ಇಂಗ್ಲಿಷ್ ವಕೀಲನ ಕೈಗೆ ಅದು ಹೇಗೆ ಬಂತು ಅನ್ನೋದು ಇನ್ನೊಂದು ಲೇಖನದ ಮಾತು.) ಗುರಿ ಕೂದಲೆಳೆಯಲ್ಲಿ ತಪ್ಪುತ್ತದೆ. ಕೋಟು ಮಾತ್ರ ಹರಿಯುತ್ತದೆ. ಹರಿದ ಜಾಗದಿಂದ ರಕ್ತ ಬರುವುದಿಲ್ಲ. ನೋಟಿನ ಕಟ್ಟು ಬೀಳುತ್ತದೆ, ಚಿನ್ನದ ನಾಣ್ಯ ಗಲಗಲ ಸುರಿಯುತ್ತದೆ.

ಆಮೇಲೆ ನಡೆಯುವುದು ಇನ್ನೂ ಮಜಾ. ಕಿಟಕಿ ಒಡೆದು ಹಾರಿ ಹೋಗುವ ಮೊದಲು, ಈ ರಕ್ತ ಹೀರುವ ಪಿಶಾಚಿ ನೆಲದ ಮೇಲಿನ ದುಡ್ಡನ್ನು ಒಂದು ಹಿಡಿ ಬಾಚಿಕೊಳ್ಳುತ್ತದೆ!

ಡ್ರಾಕುಲಾ ಸಿನಿಮಾ ನೋಡಿದವರಿಗೆ ಹಲ್ಲು ನೆನಪಿರುತ್ತದೆ, ಬಾವಲಿ ನೆನಪಿರುತ್ತದೆ. ಚಿಲ್ಲರೆ ನೆನಪಿರುವುದಿಲ್ಲ. ಆದರೆ 1897ರ ಆ ಕಾದಂಬರಿಯ ತುಂಬಾ ಲೆಕ್ಕಪತ್ರ. ಹಾರ್ಕರ್ ಡ್ರಾಕುಲಾನ ನಾಡಾದ ಟ್ರಾನ್ಸಿಲ್ವೇನಿಯಾಕ್ಕೆ ಹೋಗುವುದೇ ಆಸ್ತಿ ಖರೀದಿಯ ಕಾಗದ ಹಿಡಿದುಕೊಂಡು. ಬರೆದ ಬ್ರಾಮ್ ಸ್ಟೋಕರ್ ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಲಂಡನ್ನಿನ ಲೈಸಿಯಂ ನಾಟಕಶಾಲೆಯ ಮ್ಯಾನೇಜರ್ ಕೆಲಸ. ದುಡ್ಡು ಬರುವುದನ್ನೂ ಹೋಗುವುದನ್ನೂ ದಿನಾ ಕಣ್ಣಾರೆ ಕಂಡವನು. ಡ್ರಾಕುಲಾನ ಕೋಟೆಯ ಕೋಣೆಯಲ್ಲಿ ಚಿನ್ನದ ರಾಶಿ ಬಿದ್ದಿರುತ್ತದೆ. ರೋಮನ್, ಆಸ್ಟ್ರಿಯನ್, ತುರ್ಕಿ, ಎಲ್ಲ ದೇಶದ ನಾಣ್ಯವೂ ಉಂಟು. ಯಾವುದೂ ಮುನ್ನೂರು ವರ್ಷಕ್ಕಿಂತ ಹೊಸದಲ್ಲ, ಮೇಲೆ ಧೂಳಿನ ಪದರ. ನಮ್ಮ ಕಥೆಗಳಲ್ಲಿ ಸರ್ಪ ನಿಧಿ ಕಾಯುತ್ತಲ್ಲ, ಹಾಗೇ. ವ್ಯತ್ಯಾಸ ಇಷ್ಟೇ: ಈ ಸರ್ಪ ಎದ್ದು ಲಂಡನ್ನಿಗೆ ಹೋಗಿ ಮನೆ ಕೊಳ್ಳುತ್ತದೆ. ಕೊಳೆಯುತ್ತಿದ್ದ ದುಡ್ಡನ್ನು ಓಡಾಡುವ ದುಡ್ಡಾಗಿ ಮಾಡುತ್ತದೆ.

ವಿಕ್ಟೋರಿಯಾ ಕಾಲದ ದೆವ್ವದ ಕಥೆಗಳಲ್ಲಿ ದುಡ್ಡು ಯಾಕೆ ಇಷ್ಟು ಓಡಾಡುತ್ತದೆ? ನನಗನ್ನಿಸುವುದು ಇಷ್ಟು. ಆ ಕಾಲದ ಮಧ್ಯಮ ವರ್ಗದವರು ನಿಜವಾಗಿ ಹೆದರುತ್ತಿದ್ದದ್ದು ಸ್ಮಶಾನಕ್ಕಲ್ಲ, ಬ್ಯಾಂಕಿಗೆ.

ಒಂದು ಬ್ಯಾಂಕನ್ನೇ ನೋಡಿ. 1855ರಲ್ಲಿ ಬ್ರಿಟನ್ನಿನಲ್ಲಿ ಸೀಮಿತ ಹೊಣೆಯ ಕಾಯ್ದೆ ಬಂತು. ಕಂಪನಿ ಮುಳುಗಿದರೆ ಷೇರುದಾರ ಹಾಕಿದ ದುಡ್ಡು ಮಾತ್ರ ಹೋಗುತ್ತದೆ, ಮನೆಮಠ ಉಳಿಯುತ್ತದೆ. ಬ್ಯಾಂಕುಗಳನ್ನು ಮೊದಲು ಹೊರಗಿಟ್ಟಿದ್ದರು. 1858ರಲ್ಲಿ ಅವುಗಳಿಗೂ ಅವಕಾಶ ಸಿಕ್ಕಿತು, ಆದರೂ ಹಲವು ಬ್ಯಾಂಕುಗಳು ಹಳೇ ದಾರಿಯನ್ನೇ ಹಿಡಿದವು, ಅಂದರೆ ಮುಳುಗಿದರೆ ಷೇರುದಾರನ ಮನೆಮಠವೂ ಹೊಣೆ. ಸಿಟಿ ಆಫ್ ಗ್ಲಾಸ್ಗೋ ಬ್ಯಾಂಕ್ ಅವುಗಳಲ್ಲೊಂದು. 1878ರ ಅಕ್ಟೋಬರಿನಲ್ಲಿ ಅದು ಬಾಗಿಲು ಹಾಕಿತು. ನಿರ್ದೇಶಕರು ಸುಳ್ಳು ಲೆಕ್ಕ ತೋರಿಸುತ್ತಾ ಬಂದಿದ್ದು ಬಯಲಾಯಿತು. ನಷ್ಟ ಕಟ್ಟಬೇಕಾದವರು ಷೇರುದಾರರು. 100 ಪೌಂಡಿನ ಷೇರು ಇಟ್ಟುಕೊಂಡವರಿಂದ ಮೊದಲು 500 ಪೌಂಡ್ ಕೇಳಿದರು. ಸಾಲಲಿಲ್ಲ. ಮತ್ತೆ 2,250 ಪೌಂಡ್ ಕೇಳಿದರು. ಇದ್ದ 1,819 ಷೇರುದಾರರಲ್ಲಿ ದಿವಾಳಿಯಾಗದೆ ಉಳಿದವರು 254 ಮಂದಿ.

ಇದರಲ್ಲಿ ಇನ್ನೊಂದು ಸಂಗತಿ ಇದೆ. ಅದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಸತ್ತವರ ಷೇರುಗಳನ್ನು ಅವರ ಮನೆಯವರ ಪರವಾಗಿ ನೋಡಿಕೊಳ್ಳಲು ಸುಮ್ನೆ ಹೆಸರು ಕೊಟ್ಟಿದ್ದ ಟ್ರಸ್ಟಿಗಳು ಇದ್ದರಲ್ಲ, ಕೋರ್ಟು ಅವರನ್ನೂ ಬಿಡಲಿಲ್ಲ. ಸ್ವಂತ ಜೇಬಿನಿಂದ ಕಟ್ಟಿ ಎಂದಿತು. ಹೋದವನೊಬ್ಬನ ಸಾಲ ಬದುಕಿದ್ದವನ ಹೆಗಲೇರಿ ಕೂತಿತು. ಇದಕ್ಕೆ ದೆವ್ವ ಅನ್ನದೆ ಇನ್ನೇನು ಅನ್ನಬೇಕು?

ಈ ಭಯವನ್ನು ಒಳಗಿನಿಂದ ಬಲ್ಲವಳು ಷಾರ್ಲೆಟ್ ರಿಡೆಲ್. ಐರ್ಲೆಂಡಿನಲ್ಲಿ ಹುಟ್ಟಿ ಲಂಡನ್ನಿಗೆ ಬಂದವಳು. ಅಲ್ಲಿನ ವ್ಯಾಪಾರ ಪೇಟೆ, ಗುಮಾಸ್ತರು, ದಿವಾಳಿಗಳ ಬಗ್ಗೆಯೇ ಕಾದಂಬರಿ ಬರೆದು ಹೆಸರು ಮಾಡಿದಳು. 1871ರಲ್ಲಿ ಅವಳ ಗಂಡನೇ ದಿವಾಳಿಯಾದ. ಕಾನೂನಿನ ಪ್ರಕಾರ ಆ ಸಾಲ ಅವಳದ್ದಲ್ಲ. ಆದರೂ ಅದನ್ನು ತೀರಿಸುವ ಹೊರೆ ಹೊತ್ತಳು. ಬರೆದಳು, ಬರೆದಳು, ಬರೆಯುತ್ತಲೇ ಇದ್ದಳು. ಕ್ರಿಸ್‌ಮಸ್ ವಿಶೇಷಾಂಕಗಳಿಗೆ ದೆವ್ವದ ಕಥೆ ಬೇಕೇ ಬೇಕಿತ್ತು, ನಮ್ಮ ದೀಪಾವಳಿ ವಿಶೇಷಾಂಕಕ್ಕೆ ಕಥೆ ಬೇಕಾದ ಹಾಗೆ.

1875ರ ಅವಳ 'ವಾಸವಿಲ್ಲದ ಮನೆ'ಯ ಕಥೆ ಹೇಳುವವನು ವಕೀಲರ ಕಚೇರಿಯ ಗುಮಾಸ್ತ. ಕಕ್ಷಿದಾರಳದ್ದೊಂದು ದೊಡ್ಡ ಮನೆ ಇದೆ, ಬಾಡಿಗೆಗೆ ಬಂದವರು ನಿಲ್ಲುವುದಿಲ್ಲ. ಒಬ್ಬ ಕರ್ನಲ್ ಮನೆ ಬಿಟ್ಟು ಹೋಗುತ್ತಾನೆ, ಬಾಡಿಗೆ ಕೊಡಲ್ಲ ಅನ್ನುತ್ತಾನೆ. ಕೇಸು ಕೋರ್ಟಿಗೆ ಹೋಗುತ್ತದೆ. ಯೋಚಿಸಿ: ದೆವ್ವ ಇದೆಯೋ ಇಲ್ಲವೋ ಅನ್ನುವ ಪ್ರಶ್ನೆ ಅಲ್ಲಿ ಬಾಡಿಗೆ ಬಾಕಿಯ ಪ್ರಶ್ನೆ! ಗುಟ್ಟು ಒಡೆಯಲಾರೆ, ಓದುವವರಿಗೆ ರುಚಿ ಕೆಡುತ್ತದೆ. ಆ ದೆವ್ವದ ಬೇರು ಒಂದು ಸಾಲದ ವ್ಯವಹಾರದಲ್ಲಿದೆ ಅಂತ ಮಾತ್ರ ಹೇಳಬಲ್ಲೆ. ರಿಡೆಲ್‌ಗೆ ಮುಪ್ಪಿನಲ್ಲಿ, 1901ರಲ್ಲಿ, ಲೇಖಕರ ಸಂಘ ವರ್ಷಕ್ಕೆ 60 ಪೌಂಡ್ ಪಿಂಚಣಿ ಕೊಟ್ಟಿತು. ಅಷ್ಟು ಬರೆದವಳಿಗೆ ಅಷ್ಟೇ.

ಡಿಕನ್ಸ್‌ನನ್ನು ಬಿಟ್ಟರೆ ತಪ್ಪಾದೀತು. 1843ರ ಅವನ ಕ್ರಿಸ್‌ಮಸ್ ಕಥೆಯಲ್ಲಿ ಸತ್ತ ವ್ಯಾಪಾರಿ ಮಾರ್ಲಿಯ ದೆವ್ವ ಎಳೆದುಕೊಂಡು ಬರುವ ಸರಪಳಿಯಲ್ಲಿ ಕ್ಯಾಶ್ ಪೆಟ್ಟಿಗೆ, ಬೀಗ, ಕೀಲಿಕೈ, ಲೆಕ್ಕದ ಪುಸ್ತಕ, ಆಸ್ತಿಪತ್ರ ಎಲ್ಲ ಜೋತಾಡುತ್ತವೆ. ಸಾಲಕ್ಕಾಗಿ ಅಪ್ಪ ಜೈಲಿಗೆ ಹೋದಾಗ ಡಿಕನ್ಸ್‌ಗೆ ಹನ್ನೆರಡು ವರ್ಷ. ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಆ ಸರಪಳಿಯ ಸದ್ದು ಅವನಿಗೆ ಎಲ್ಲಿ ಕೇಳಿಸಿತ್ತೋ!

ಅರ್ಥಶಾಸ್ತ್ರವೂ ಈ ಭಾಷೆಯನ್ನು ಎರವಲು ಪಡೆಯಿತು. ಬಂಡವಾಳ ಅಂದರೆ ಸತ್ತ ದುಡಿಮೆ, ಬದುಕಿರುವ ದುಡಿಮೆಯನ್ನು ರಕ್ತಪಿಶಾಚಿಯಂತೆ ಹೀರಿಯೇ ಅದು ಜೀವ ಹಿಡಿದಿರುತ್ತದೆ ಎಂದು 1867ರಲ್ಲಿ ಮಾರ್ಕ್ಸ್ ತನ್ನ 'ಕ್ಯಾಪಿಟಲ್' ಗ್ರಂಥದಲ್ಲಿ ಬರೆದ. ಮಾತು ಅಲಂಕಾರದ್ದಿರಬಹುದು. ಆದರೆ ಅದು ಬರುವ ಅಧ್ಯಾಯದಲ್ಲಿ ಕಾರ್ಖಾನೆ ಇನ್‌ಸ್ಪೆಕ್ಟರುಗಳ ವರದಿಗಳಿವೆ, ರಾತ್ರಿ ಪಾಳಿಯ ಮಕ್ಕಳಿದ್ದಾರೆ. ಡ್ರಾಕುಲಾ ಹುಟ್ಟಲು ಆಗಿನ್ನೂ ಮೂವತ್ತು ವರ್ಷ ಬಾಕಿಯಿತ್ತು.

ಮತ್ತೆ ಪಿಕಡಿಲಿಯ ಆ ಮನೆಗೆ ಬರೋಣ. ಡ್ರಾಕುಲಾ ತಪ್ಪಿಸಿಕೊಂಡ. ಪ್ರೊಫೆಸರ್ ವಾನ್ ಹೆಲ್ಸಿಂಗ್ ಉಳಿದವರಿಗೆ ಧೈರ್ಯ ಹೇಳುತ್ತಾನೆ. ಡ್ರಾಕುಲಾನಿಗೂ ಕೈ ಖಾಲಿಯಾಗುವ ಭಯ ಇದೆ, ಇಲ್ಲದಿದ್ದರೆ ದುಡ್ಡು ಯಾಕೆ ಎತ್ತಿಕೊಳ್ಳುತ್ತಿದ್ದ ಅನ್ನುವುದು ಪ್ರೊಫೆಸರನ ವಾದ. ಹಾಗನ್ನುತ್ತಲೇ ನೆಲದ ಮೇಲೆ ಉಳಿದಿದ್ದ ದುಡ್ಡನ್ನು ತನ್ನ ಜೇಬಿಗೆ ಹಾಕಿಕೊಳ್ಳುತ್ತಾನೆ. ಡ್ರಾಕುಲಾನ ಆಸ್ತಿಪತ್ರಗಳ ಕಟ್ಟನ್ನೂ ತೆಗೆದುಕೊಳ್ಳುತ್ತಾನೆ. ಮಿಕ್ಕಿದ್ದನ್ನು ಗುಡಿಸಿ ಒಲೆಗೆ ಹಾಕಿ, ಕಡ್ಡಿ ಗೀರುತ್ತಾನೆ.