ನೂರು ವರ್ಷದ ನೆರೆ ಅಂದ್ರೆ ನೂರು ವರ್ಷ ಅಲ್ಲ: ಅಣು ಸ್ಥಾವರದ ನೋಟ್ಸ್

ಅಣು ಸ್ಥಾವರನ ನದಿ ಪಕ್ಕ ಯಾಕೆ ಕಟ್ತಾರೆ ಅಂತ ಗೊತ್ತೇ ಇದೆ, ತಂಪು ಮಾಡೋಕೆ ನೀರು ಬೇಕು, ನಮ್ಮ ಕೈಗಾನೂ ಕಾಳಿ ನದಿ ದಡದಲ್ಲೇ ಇರೋದು. ರಿಯಾಕ್ಟರ್ ಆಫ್ ಮಾಡಿದ್ರೂ ಇಂಧನ ಬಿಸಿ ಕಾರ್ತಾನೇ ಇರುತ್ತೆ, ಆಫ್ ಮಾಡಿದ ತಕ್ಷಣ ಪೂರ್ತಿ ಓಡುವಾಗಿನ ಶಾಖದ ಸುಮಾರು 6-7%, ಒಂದು ದಿನ ಆದ್ಮೇಲೂ ಅರ್ಧ ಪರ್ಸೆಂಟ್ ಹತ್ರ. ಆ ಹೊತ್ತಲ್ಲಿ ಪಂಪು, ಡೀಸೆಲ್ ಜನರೇಟರ್ ಮುಳುಗಬಾರದು. ಇಷ್ಟೇ ವಿಷಯ.

ನಾನು ಒದ್ದಾಡಿದ್ದು "100 ವರ್ಷದ ನೆರೆ" ಅನ್ನೋ ಪದದಲ್ಲಿ. ಕೊಡಗಿನಲ್ಲಿ 2018ರ ಮಳೆ ಆದ್ಮೇಲೆ ಪಕ್ಕದ ತೋಟದ ಅಣ್ಣ "ಇಂಥದ್ದು ನೂರು ವರ್ಷಕ್ಕೊಂದ್ಸಲ, ಇನ್ನು ಮೊಮ್ಮಕ್ಕಳ ಕಾಲಕ್ಕೆ ಬಿಡು" ಅಂದಿದ್ರು, 2019ರ ಆಗಸ್ಟಲ್ಲೇ ಕಾವೇರಿ ಮತ್ತೆ ಕರಡಿಗೋಡಿನ ಮನೆಗಳಿಗೆ ನುಗ್ಗಿತು. ನಾನೂ ಅಣ್ಣನ ಥರಾನೇ ಅಂದ್ಕೊಂಡಿದ್ದೆ.

100 ವರ್ಷದ ನೆರೆ ಅಂದ್ರೆ ಯಾವುದೇ ವರ್ಷ ಬರೋ ಚಾನ್ಸ್ 1% ಇರೋ ನೆರೆ, ಅಷ್ಟೇ. ಹೀಗೆ ನೋಡಿ. ಚೀಲದಲ್ಲಿ 99 ಕಾಫಿ ಬೀಜ, 1 ಒಳ್ಳೆಮೆಣಸಿನ ಕಾಳು. ಪ್ರತಿ ವರ್ಷ ಕಣ್ಮುಚ್ಚಿ ಒಂದು ತೆಗೀರಿ, ಮೆಣಸು ಬಂದ್ರೆ ನೆರೆ. ತೆಗೆದಿದ್ದನ್ನ ವಾಪಸ್ ಚೀಲಕ್ಕೇ ಹಾಕ್ಬೇಕು, ನಾನು ಎಡವಿದ್ದು ಇಲ್ಲೇ, ಮೆಣಸು ಬಂದ್ಮೇಲೆ ಅದು ಖಾಲಿ ಆಯ್ತು ಅಂದ್ಕೊಂಡಿದ್ದೆ, ಆದ್ರೆ ಮುಂದಿನ ವರ್ಷಾನೂ ಅದು ಚೀಲದಲ್ಲೇ ಇರುತ್ತೆ, ಮತ್ತೆ ಅದೇ 1%.

ಸ್ಥಾವರ 40 ವರ್ಷ ಓಡುತ್ತೆ ಅಂದ್ರೆ 40 ಗುಣಿಸು 1, 40% ಅಂತ ಬರೆದೆ. ತಪ್ಪು. ಎರಡೆರಡು ಸಲ ನೆರೆ ಬರೋ ಸಾಧ್ಯತೆಗಳನ್ನ ಅದು ಎರಡೆರಡು ಸಲ ಎಣಿಸುತ್ತೆ. ನೆರೆ ಬರದೇ ಇರೋದನ್ನ ಹಿಡೀಬೇಕು: 0.99ನ್ನ 40 ಸಲ ಗುಣಿಸಿದ್ರೆ 0.67, ಅಂದ್ರೆ ಒಂದ್ಸಲನಾದ್ರೂ ಬರೋ ಚಾನ್ಸ್ 33%. ಮೂರರಲ್ಲಿ ಒಂದು! ಅದಕ್ಕೇ ಬ್ರಿಟನ್ನಲ್ಲಿ ಅಣು ಸ್ಥಾವರಕ್ಕೆ 10,000 ವರ್ಷದ ನೆರೆ ಲೆಕ್ಕ ಹಾಕ್ತಾರೆ.

ಆದ್ರೆ ನೀರು ಎಷ್ಟು ಎತ್ತರ ಬರುತ್ತೆ ಅನ್ನೋದೊಂದೇ ಸಾಲಲ್ಲ. 1999ರ ಡಿಸೆಂಬರಲ್ಲಿ ಫ್ರಾನ್ಸಿನ ಬ್ಲಾಯೆ ಸ್ಥಾವರದಲ್ಲಿ ಉಬ್ಬರದ ಜೊತೆ ಬಿರುಗಾಳಿ ಎಬ್ಬಿಸಿದ ಅಲೆನೂ ಸೇರಿ ಜಿರೋಂಡ್ ನದಿಮುಖದ ನೀರು ಒಡ್ಡು ದಾಟಿತು, ಪಂಪ್‌ಗಳು ಮುಳುಗಿದ್ವು. ಗುಜರಾತಿನ ಕಾಕ್ರಾಪಾರಲ್ಲಿ 1994ರ ಜೂನಲ್ಲಿ ಸರಿಯಾಗಿ ಸೀಲ್ ಮಾಡದ ಕೇಬಲ್ ಕಾಲುವೆಗಳಿಂದ ಟರ್ಬೈನ್ ಕಟ್ಟಡಕ್ಕೆ ನೀರು ಹೊಕ್ಕಿತು. ಬಾಗಿಲು ಹಾಕಿ ಕಿಟಕಿ ಬಿಟ್ಟಂಗೆ.

ಪರೀಕ್ಷೆಗೆ ನನ್ನ ಶಾರ್ಟ್‌ಕಟ್: ಚಾನ್ಸ್ ಸಣ್ಣದಿದ್ರೆ ಆ ತಪ್ಪು ಗುಣಾಕಾರನೇ ನಡೆಯುತ್ತೆ. 1000 ವರ್ಷದ ನೆರೆ, 40 ವರ್ಷ: ಸುಮ್ನೆ ಗುಣಿಸಿದ್ರೆ 4%, ಸರಿಯಾಗಿ ಮಾಡಿದ್ರೆ 3.9%. 10,000ದ್ದು 60 ವರ್ಷಕ್ಕೆ ಎರಡೂ ದಾರೀಲಿ 0.6%. 100 ವರ್ಷದ್ದಕ್ಕೆ ಮಾತ್ರ ಕ್ಯಾಲ್ಕುಲೇಟರ್ ತೆಗೀರಿ.